ರಣಹದ್ದಿನ ಆಟಕ್ಕೆ ಗಾಳಿ ಕಟ್ಟಿದ ಅಫ್ಸರ್

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಮ್ಮವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ನಮ್ಮೂರು ಮರಳವಾಡಿಯಲ್ಲಿ ಯಾರಾದರೂ ಕೇಳಿದರೆ, "ಕಂಪ್ಯೂಟ್ರೊಳಗೆ ಆಟ ಕಟ್ತಾಳಂತೆ ಕಣವ್ವ. ತಲೆ ನರೆತ್ರೂವೆ ಆಟ ಬುಟ್ಟಿಲ್ಲ ನೋಡು" ಎಂದು ತಾನೇ ನಗುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮೊಬೈಲಿನಲ್ಲಿ ಆಡುವ ಆಟಗಳಿಗೆ ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸವಾಗಿತ್ತು. ಆದರೆ ಅದರೊಳಗೆ ನಗುವಂಥದ್ದು ಅಷ್ಟೇನೂ ಇರಲಿಲ್ಲ.

ಈಗ ನಮ್ಮ ರಾಮನಗರ, ಕನಕಪುರದ ಕಾಲೇಜುಗಳಲ್ಲಿ ಓದಿದವರೂ ಈ ಕೆಲಸಕ್ಕೆ ಸೇರುತ್ತಿದ್ದಾರೆ. ದಾರಿಯಲ್ಲಿ ಸಿಕ್ಕಿದರೆ ಯಾವ ಭಾಷೆ ಕಲಿಯಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುತ್ತಾರೆ. ಅವೆಲ್ಲ ವರ್ಷಕ್ಕೊಮ್ಮೆ ಬದಲಾಗುತ್ತವೆ, ನನಗೇ ಈಗ ಹಿಡಿತ ತಪ್ಪಿದೆ. ಬದಲಾಗದ್ದನ್ನು ಬರೆದಿಡೋಣ ಎಂದು ಕೂತರೆ ಮೊದಲು ನೆನಪಾಗುವುದು ಅಫ್ಸರ್.

ಅವನಿಗಿಂತ ಮುಂಚೆ ಚಂದ್ರು ಸರ್ ಬಗ್ಗೆ ಹೇಳಬೇಕು. ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನಡೆಸುವ ಪ್ರೋಗ್ರಾಂ ಬರೆಯುತ್ತಾ ಅರ್ಧ ಆಯಸ್ಸು ಕಳೆದವಳು. ಆ ವಿಭಾಗ ಮುಚ್ಚಿತು. ಇನ್ನೇನು ಮನೆಯಲ್ಲಿ ಕೂರುವುದೇ ಎಂದುಕೊಂಡಿದ್ದಾಗ ಮಾಗಡಿ ಕಡೆಯ ಚಂದ್ರಶೇಖರ ಎಂಬವರ ಫೋನ್ ಬಂತು. ನನಗಿಂತ ಚಿಕ್ಕವರು. ದೊಡ್ಡ ಕಂಪನಿಯ ಕೆಲಸ ಬಿಟ್ಟು, ರಾಮನಗರದಲ್ಲಿ ಹಳೇ ಮೈಸೂರು ರಸ್ತೆಯ ಟೈಲ್ಸ್ ಅಂಗಡಿಯೊಂದರ ಮಹಡಿಯಲ್ಲಿ ಆಟದ ಕಂಪನಿ ತೆರೆದಿದ್ದರು.

"ಮೇಡಂ, ನೀವು ಮಿಷಿನ್ ನಿಲ್ದಂಗೆ ನೋಡ್ಕೊಂಡೋರಂತೆ. ನಮ್ಮ ಆಟ ಮಧ್ಯ ಮಧ್ಯ ನಿಂತೋಯ್ತಾ ಐತೆ. ಒಂದ್ಸಾರಿ ಬಂದು ಒಸಿ ನೋಡಿ" ಎಂದರು.

ನೋಡಲು ಹೋದವಳು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ.

ಆಟ ಯಾಕೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಡುವವರ ಕಣ್ಣಿಗೆ ಒಂದೇ ಚಿತ್ರ ಓಡುತ್ತಿರುತ್ತದೆ. ಒಳಗೆ ಹಾಗಲ್ಲ. ಚಿತ್ರ ಬಿಡಿಸುವುದು ಒಂದು ಕೆಲಸ. ಯಾವುದು ಎಲ್ಲಿಗೆ ಹೋಗಬೇಕು, ಯಾವುದಕ್ಕೆ ಡಿಕ್ಕಿ ಹೊಡೆಯಬೇಕು ಎಂದು ಲೆಕ್ಕ ಹಾಕುವುದು ಇನ್ನೊಂದು. ಮುಂದೆ ಬರುವ ಜಾಗದ ಚಿತ್ರಗಳನ್ನು ಫೋನಿನೊಳಗಿಂದ ಎತ್ತಿ ತರುವುದು ಮತ್ತೊಂದು. ಸದ್ದು ಹೊರಡಿಸುವುದು ಬೇರೆ. ಎಲ್ಲವನ್ನೂ ಒಂದರ ಹಿಂದೊಂದು ಮಾಡಿದರೆ ಆಟ ತೆವಳುತ್ತದೆ. ಅದಕ್ಕೆ ಒಂದೊಂದು ಕೆಲಸವನ್ನು ಒಂದೊಂದು ಥ್ರೆಡ್ಡಿಗೆ ವಹಿಸುತ್ತೇವೆ. ಒಂದೇ ಅಡುಗೆಮನೆಯಲ್ಲಿ ಒಟ್ಟಿಗೆ ದುಡಿಯುವ ಅಡುಗೆಯವರು ಎಂದುಕೊಳ್ಳಿ. ಒಬ್ಬ ಹಿಡಿದ ಪಾತ್ರೆಗೆ ಇನ್ನೊಬ್ಬ ಕೈ ಹಾಕಿದರೆ ಅಡುಗೆ ಕೆಡುತ್ತದಲ್ಲ, ಹಾಗಾಗದಿರಲೆಂದು ಪಾತ್ರೆಗೆ ಬೀಗ ಹಾಕುತ್ತೇವೆ. ಅದೇ ಲಾಕ್. ಒಬ್ಬನ ಕೆಲಸ ಮುಗಿದು ಬೀಗ ತೆಗೆಯುವ ತನಕ ಇನ್ನೊಬ್ಬ ಕಾಯಬೇಕು.

ತೊಂದರೆ ಶುರುವಾಗುವುದು ಇಲ್ಲೇ. ಒಬ್ಬ ಸೌಟು ಹಿಡಿದುಕೊಂಡು ಪಾತ್ರೆಗೆ ಕಾಯುತ್ತಾನೆ. ಇನ್ನೊಬ್ಬ ಪಾತ್ರೆ ಹಿಡಿದುಕೊಂಡು ಸೌಟಿಗೆ ಕಾಯುತ್ತಾನೆ. ಇಬ್ಬರೂ ಮರ್ಯಾದಸ್ಥರು, ಕಿತ್ತುಕೊಳ್ಳುವವರಲ್ಲ. ಪಂಕ್ತಿಯಲ್ಲಿ ಕೂತ ನೆಂಟರ ಮುಂದೆ ಎಲೆ ಒಣಗುತ್ತಿರುತ್ತದೆ. ಚಂದ್ರು ಸರ್ ಆಟ ನಿಂತದ್ದು ಹೀಗೆ. ಚಿತ್ರ ತರುವವನೂ ಚಿತ್ರ ಬಿಡಿಸುವವನೂ ಒಬ್ಬರಿಗೊಬ್ಬರು ಕಾಯುತ್ತಾ ಕಲ್ಲಾಗಿದ್ದರು.

ಅವತ್ತು ನನ್ನ ಪಕ್ಕದಲ್ಲಿ ಕೂತು ಇದನ್ನು ಬಿಡಿಸಿದವನು ಅಫ್ಸರ್. ರಾಮನಗರದವನೇ. ಅವರ ಮನೆಯವರು ರೇಷ್ಮೆ ನೂಲು ತೆಗೆದು ಹುರಿ ಮಾಡುವವರು. ಆ ಮನೆಯಲ್ಲಿ ಇಂಜಿನಿಯರಿಂಗ್ ಓದಿದ ಮೊದಲ ಹುಡುಗ. ನಾನು ಸೇರುವಾಗ ಅವನಿಗೆ ಆಗಲೇ ಮದುವೆಯಾಗಿತ್ತು. ಮಾತು ಕಡಿಮೆ, ಮಾತಾಡುವವರ ಮುಖವನ್ನೇ ದಿಟ್ಟಿಸಿ ನೋಡುವ ಅಭ್ಯಾಸ. ಇಷ್ಟು ಗಮನ ಕೊಟ್ಟು ಕೇಳುವವರನ್ನು ನಾನು ನೋಡಿಲ್ಲ ಎಂದುಕೊಂಡಿದ್ದೆ.

ತಪ್ಪು ಎಲ್ಲಿದೆ ಎಂದು ಹುಡುಕಲು ನಾನು ಪ್ರೋಗ್ರಾಮಿನ ನಡುವೆ ಒಂದೆರಡು ಸಾಲು ಸೇರಿಸಿದೆ. ಆಟ ನಿಲ್ಲುವುದೇ ಬಿಟ್ಟಿತು. ಸಾಲು ತೆಗೆದೆ, ಮತ್ತೆ ನಿಂತಿತು.

"ಹಂಗೇ ಅಕ್ಕಾ ಅದು. ನೋಡಕ್ ಹೋದ್ರೆ ಬಚ್ಚಿಟ್ಕತದೆ" ಎಂದ ಅಫ್ಸರ್. "ನಾವ್ ನೋಡ್ತಾ ಇದ್ರೆ ಒಬ್ಬ ಒಸಿ ತಡ ಆಯ್ತಾನೆ. ಅಷ್ಟ್ರಲ್ಲಿ ಇನ್ನೊಬ್ಬ ಬೀಗ ತೆಗ್ದಿರ್ತಾನೆ. ಜಗಳಾನೇ ಆಗಲ್ಲ."

ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ನಿಮ್ಮ ಮೇಜಿನ ಮೇಲೆ ಸರಿಯಿರುವುದು ಊರಿನವರ ಕೈಯಲ್ಲಿ ಸರಿಯಿರುವುದಿಲ್ಲ. ಸಾವಿರ ಸಲ ಆಡಿ ನೋಡಿದೆ, ತಪ್ಪಿಲ್ಲ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಚಂದ್ರು ಸರ್ ಹತ್ತಿರ ಎಲ್ಲದಕ್ಕೂ ಒಂದೇ ಮದ್ದು. "ಅಲ್ಲೂ ಒಂದ್ ಲಾಕ್ ಹಾಕ್ರೋ, ಆಮೇಲ್ ನೋಡನ." ಆ ಆಮೇಲೆ ಎನ್ನುವುದು ಬರುತ್ತಲೇ ಇರಲಿಲ್ಲ. ಒಂದು ಬೀಗದ ತೊಂದರೆಗೆ ಇನ್ನೊಂದು ಬೀಗ, ಅದರ ತೊಂದರೆಗೆ ಮತ್ತೊಂದು. ಕಡೆಗೆ ಯಾವ ಬೀಗ ಯಾತಕ್ಕೆ ಹಾಕಿದ್ದು ಎಂದು ಹಾಕಿದವರಿಗೇ ಮರೆತುಹೋಗಿತ್ತು. ಅವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆ ಕಸಾಲೆ ಎಂದರೂ ಮೊದಲು ಹೋಗಿ ನಿಲ್ಲುತ್ತಿದ್ದರು. ಆದರೆ ಹೆದರಿಕೆ ಜಾಸ್ತಿ. ಹೆದರಿಕೆಯನ್ನು ಕೋಪ ಮಾಡಿಕೊಂಡು ತೋರಿಸುವವರು.

ಆಗ ನಾವು ಕಟ್ಟುತ್ತಿದ್ದದ್ದು ರಣಹದ್ದಿನ ಆಟ. ನಮ್ಮ ಬೆಟ್ಟಗಳಲ್ಲಿ ರಣಹದ್ದು ಗೂಡು ಕಟ್ಟುವುದು ನಿಮಗೆ ಗೊತ್ತಿದೆ. ಆಡುವವರು ಒಂದು ಮರಿಹದ್ದು. ಬಂಡೆಯಿಂದ ಹಾರಿ, ಬಿಸಿಗಾಳಿ ಎಲ್ಲಿ ಮೇಲಕ್ಕೆ ಏಳುತ್ತಿದೆಯೋ ಅಲ್ಲಿಗೆ ಹೋಗಿ, ರೆಕ್ಕೆ ಬಡಿಯದೆ ಮೇಲೇರಬೇಕು. ಬಿಸಿಗಾಳಿ ಕಣ್ಣಿಗೆ ಕಾಣುವುದಿಲ್ಲ. ಸದ್ದಿನಿಂದಲೇ ಪತ್ತೆ ಹಚ್ಚಬೇಕು. ಗಾಳಿಯ ಸುಯ್ಲು ದಪ್ಪಗಾಗುತ್ತಾ ಬಂದರೆ ಸರಿಯಾದ ದಿಕ್ಕು, ತೆಳ್ಳಗಾದರೆ ಬೀಳುತ್ತೀರಿ. ಈ ಯೋಚನೆ ಅಫ್ಸರನದು. ಸದ್ದಿನ ಕೆಲಸ ಪೂರ್ತಿ ಅವನದೇ. ಅವನೂ ನಾನೂ ಒಂದು ಬೆಳಿಗ್ಗೆ ಬೆಟ್ಟ ಹತ್ತಿ, ಮೈಕಿಗೆ ಕಂಬಳಿ ಸುತ್ತಿ, ಬಂಡೆ ಸಂದಿನ ಗಾಳಿಯನ್ನು ಮುದ್ರಿಸಿಕೊಂಡು ಬಂದಿದ್ದೆವು. ಅದನ್ನು ಅವನು ಎಳೆ ಎಳೆಯಾಗಿ ಬಿಡಿಸಿ ಹೊಸ ಗಾಳಿಯನ್ನೇ ಕಟ್ಟಿದ. ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಬೆಟ್ಟದ ತುದಿಯಲ್ಲೇ ನಿಂತ ಹಾಗಾಗುತ್ತಿತ್ತು.

ಆಟವನ್ನು ಹೊರಗೆ ಬಿಡಲು ಹೊರದೇಶದ ಕಂಪನಿಯೊಂದು ಒಪ್ಪಿತ್ತು. ಅವರ ಕಡೆಯವರು ಬಂದು ನೋಡಿ ಹೋಗುವುದಿತ್ತು. ಅಷ್ಟರಲ್ಲಿ ರೇಖಾಳ ದೂರು ಶುರುವಾಯಿತು.

ರೇಖಾ ಬಿಡದಿಯಿಂದ ರೈಲಿನಲ್ಲಿ ಬರುತ್ತಿದ್ದಳು. ಆಟವನ್ನು ಬೇರೆ ಬೇರೆ ಫೋನುಗಳಲ್ಲಿ ಆಡಿ ತಪ್ಪು ಹುಡುಕುವುದು ಅವಳ ಕೆಲಸ. ಸಾಧಾರಣ ಫೋನುಗಳಲ್ಲಿ ಗಾಳಿಯ ನಡುವೆ ಚಟ್ ಚಟ್ ಎನ್ನುತ್ತದೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಎಂದಳು. ಅಫ್ಸರ್ ಅವೇ ಫೋನುಗಳಲ್ಲಿ ಕೇಳಿದ. "ಏನೂ ಇಲ್ವಲ್ಲ, ಸರ್ಯಾಗೇ ಐತೆ" ಎಂದು ದೂರನ್ನು ಮುಗಿಸಿದ. ಅವಳು ಮತ್ತೆ ಬರೆದಳು. ಅವನು ಮತ್ತೆ ಮುಗಿಸಿದ. ಹೀಗೆ ನಡೆದು ನಡೆದು ಒಂದು ದಿನ ಅವಳು ಎಲ್ಲರೆದುರು ಕೈಲಿದ್ದ ಫೋನನ್ನು ಮೇಜಿನ ಮೇಲಿಟ್ಟು, "ಇಡೀ ಆಫೀಸ್ಗೆ ಕೇಳಿಸ್ತದೆ, ಇವರೊಬ್ರಿಗೆ ಕೇಳಿಸಲ್ವ? ಕಿವಿ ಏನ್ ಮನೇಲಿ ಬುಟ್ಟು ಬಂದವ್ರಾ?" ಎಂದಳು.

ಎಲ್ಲರೂ ನಕ್ಕರು. ಅಫ್ಸರನೂ ನಕ್ಕ. ಅವನು ನಕ್ಕಿದ್ದು ಒಂದು ಗಳಿಗೆ ತಡವಾಗಿ, ನಮ್ಮ ಮುಖಗಳನ್ನೆಲ್ಲ ನೋಡಿದ ಮೇಲೆ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ತಾರಸಿಗೆ ಹೋದೆ. ಅವನು ಅಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ಹಿಂದಿನಿಂದ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ. ಇಲ್ಲ. ಮುಂದೆ ಹೋಗಿ ನಿಂತ ಮೇಲೆ ತಲೆ ಎತ್ತಿದ. ನನ್ನ ಮುಖ ನೋಡಿ ಅವನಿಗೆ ತಿಳಿದುಹೋಯಿತು.

"ಕರುದ್ರಾ ಅಕ್ಕಾ?" ಎಂದ.

"ಎಷ್ಟು ದಿನದಿಂದ ಹಿಂಗೆ?"

"ನಮ್ಮನೇಲಿ ಹುರಿ ಮಿಷಿನ್ ಓಡ್ತಿದ್ದ ರೂಮ್ನಾಗೇ ನಾವು ಮಲಗ್ತಿದ್ದಿದ್ದು, ಓದ್ತಿದ್ದಿದ್ದು. ಆ ಸದ್ದಿಗೆ ನಮ್ಮಬ್ಬಾಗೂ ಕಿವಿ ಹೋಗಿತ್ತು. ಅವ್ರ್ ಕಾಲ್ದಲ್ಲಿ ಯಾರೂ ಅದನ್ನ ಕಾಯಿಲೆ ಅಂದ್ಕತಿರ್ಲಿಲ್ಲ, ಎಲ್ಲಾರೂ ಕೂಗಿ ಕೂಗಿ ಮಾತಾಡ್ತಿದ್ರು. ನಂಗೆ ಮೊದ್ಲು ಗುಬ್ಬಿ ಸದ್ದು ಹೋಯ್ತು. ಆಮೇಲೆ ಫೋನ್ ರಿಂಗು. ದಪ್ಪ ಸದ್ದು ಇನ್ನೂ ಕೇಳಿಸ್ತದೆ, ಗಾಳಿ ಕೇಳಿಸ್ತದೆ. ಆ ಚಟ್ ಚಟ್ ಅನ್ನೋದು ಮಾತ್ರ..." ಎಂದು ತಲೆಯಾಡಿಸಿದ. "ಡಾಕ್ಟ್ರು ಇದು ನಿಲ್ಲಲ್ಲ, ಪೂರ್ತಿ ಹೋಯ್ತದೆ ಅಂದವ್ರೆ."

ನಾನು ಅವನ ಎದುರಿಗೆ, ನನ್ನ ತುಟಿ ಕಾಣುವ ಹಾಗೆ ಕೂತೆ.

"ಚಂದ್ರು ಸರ್ಗೆ ಹೇಳಬೇಡಿ ಅಕ್ಕಾ. ಸದ್ದಿನ ಕೆಲ್ಸ ಬುಡಿಸ್ಬುಡ್ತಾರೆ. ಇರೋ ಅಷ್ಟು ದಿನ ಕೇಳ್ಕಂಡು ಮಾಡ್ಬುಡ್ತೀನಿ."

ಹೇಳುವುದು ಬಿಡುವುದು ಅವನದು, ಅವನೇ ಹೇಳಿದರೆ ಒಳ್ಳೆಯದು ಎಂದೆ. ಆಟ ಮುಗಿದ ಮೇಲೆ ಹೇಳುತ್ತೇನೆ ಎಂದ. ಅಲ್ಲಿಯವರೆಗೆ ಚಟಪಟ ಸದ್ದನ್ನು ನಾನು ಕೇಳುವುದು, ಅದರ ಬೇರನ್ನು ಅವನು ಹುಡುಕುವುದು ಎಂದು ಮಾತಾಯಿತು.

ಅವನು ನನ್ನ ಕಿವಿಯನ್ನೂ ಬಹಳ ದಿನ ನೆಚ್ಚಿಕೊಳ್ಳಲಿಲ್ಲ. ಆಟ ಹೊರಡಿಸುವ ಸದ್ದನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುವ ಒಂದು ಸಣ್ಣ ಪ್ರೋಗ್ರಾಂ ಮಾಡಿದ. ಗಾಳಿಯ ಗೆರೆ ಬೆಟ್ಟದ ಸಾಲಿನ ಹಾಗೆ ಏರಿಳಿಯುತ್ತಾ ಹೋಗುತ್ತಿತ್ತು. ನಡುವೆ ಅಲ್ಲಲ್ಲಿ ಕೊಡಲಿಯಲ್ಲಿ ಕಡಿದ ಹಾಗೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು. ನಾನು ಚಟ್ ಎಂದು ಕೇಳಿ ಕೈ ಎತ್ತಿದಾಗಲೆಲ್ಲ ಅಲ್ಲೊಂದು ಕಡಿತ. ಅದನ್ನು ನೋಡಿದಾಗ ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾರಣ ಅದೇ ಹಾಳು ಬೀಗಗಳು. ಸದ್ದಿನ ಥ್ರೆಡ್ ಬೇರೆಯವುಗಳ ಹಾಗಲ್ಲ. ಫೋನು ಅದರ ಮುಂದೆ ಕೈ ಚಾಚಿಕೊಂಡೇ ಇರುತ್ತದೆ, ಕ್ಷಣ ಕ್ಷಣಕ್ಕೂ ಒಂದು ಹಿಡಿ ಸದ್ದು ಕೊಡುತ್ತಿರಬೇಕು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡವಾದರೂ ಕೈ ಖಾಲಿ, ಅದೇ ಚಟ್ ಎನ್ನುವುದು. ನಮ್ಮಲ್ಲಿ ಹದ್ದು ಎಲ್ಲಿದೆ ಎಂಬ ವಿವರಕ್ಕೆ ಬೀಗವಿತ್ತು. ಲೆಕ್ಕ ಹಾಕುವ ಥ್ರೆಡ್ ಆ ಬೀಗ ಹಿಡಿದು ಕೂತರೆ ಸದ್ದಿನ ಥ್ರೆಡ್ ಬಾಗಿಲಲ್ಲಿ ಕಾಯುತ್ತಿತ್ತು.

ಅಫ್ಸರ್ ಚಂದ್ರು ಸರ್ ಮುಂದೆ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದ.

"ಸರ್, ಬೀಗಾನೇ ಬ್ಯಾಡ. ಯಾರ್ ಸಾಮಾನು ಅವರತ್ರ ಇರ್ಲಿ. ಒಬ್ರುದ್ನ ಇನ್ನೊಬ್ರು ಮುಟ್ಟೋದೇ ಬ್ಯಾಡ. ಏನಾರ ಬೇಕಂದ್ರೆ ಒಂದು ಮೆಸೇಜ್ ಬರ್ದು ಅವ್ರ್ ಡಬ್ಬಿಗೆ ಹಾಕಿ ತನ್ ಕೆಲ್ಸಕ್ಕೆ ಹೋಗ್ಲಿ. ಸದ್ದಿನೋನು ತನ್ನ ಸರದಿ ಬಂದಾಗ ಡಬ್ಬೀಲಿ ಇರೋದ್ನ ಎತ್ಕಂಡು ಓದ್ತಾನೆ. ಇಲ್ದಿದ್ರೆ ಹಳೇದ್ರಲ್ಲೇ ನಡುಸ್ತಾನೆ. ಯಾರೂ ಯಾರಿಗೂ ಕಾಯಂಗಿಲ್ಲ."

"ಎಲ್ಲಾ ಕಿತ್ತಾಕಿ ಹೊಸ್ದಾಗಿ ಬರೀಬೇಕಾ? ಹೊರದೇಶದೋರು ಬರೋ ದಿನ ಇನ್ನೇನು ಬಂದೋಯ್ತು. ನಿಂಗೇನ್ ತಲೆ ಕೆಟ್ಟಿದ್ದದೇನ್ಲಾ?" ಎಂದು ಚಂದ್ರು ಸರ್ ಹಲಗೆಯನ್ನೇ ಒರೆಸಿಬಿಟ್ಟರು.

ನಾನು ಬಿಡಲಿಲ್ಲ. "ಸರ್, ಈ ಆಟದಲ್ಲಿ ಇರೋದೇ ಗಾಳಿ. ಗಾಳೀಲಿ ಸಾಸಿವೆ ಸಿಡೀತಿದ್ರೆ ತೋರ್ಸಕ್ಕೆ ಏನೈತೆ?" ಎಂದೆ. ರೇಖಾ ಬಂದು ಫೋನನ್ನು ಅವರ ಕಿವಿಗೆ ಹಿಡಿದಳು. ಅವರು ಕೇಳಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಮಾಡ್ಕಳ್ರಪ್ಪ. ಎಡವಟ್ಟಾದ್ರೆ ನೀವೇ ಹೇಳ್ಕಳಿ" ಎಂದರು.

ಆ ದಿನಗಳ ಎಡವಟ್ಟುಗಳನ್ನು ಹೇಳದಿದ್ದರೆ ಮೆಸೇಜ್ ಕಳಿಸುವುದು ಏನೋ ಮಂತ್ರ ಎಂದು ನೀವು ತಿಳಿಯಬಹುದು. ಮೊದಲ ಸಲ ನಡೆಸಿದಾಗ ಹದ್ದು ಬಂಡೆಗೆ ಬಡಿದು ಸತ್ತಿತು. ಸತ್ತ ಮೇಲೂ ರೆಕ್ಕೆ ಬಡಿಯುವ ಸದ್ದು ನಿಲ್ಲಲಿಲ್ಲ. ಸಾಯುವುದಕ್ಕೆ ಮುಂಚೆ ಹಾಕಿದ ಮೆಸೇಜುಗಳು ಡಬ್ಬಿಯಲ್ಲಿ ಉಳಿದಿದ್ದವು. ಸದ್ದಿನ ಥ್ರೆಡ್ ಪ್ರಾಮಾಣಿಕವಾಗಿ ಒಂದೊಂದನ್ನೇ ಎತ್ತಿ ನಡೆಸುತ್ತಿತ್ತು. ಬಂಡೆಯ ಬುಡದಲ್ಲಿ ಹೆಣ, ಪಟಪಟ ರೆಕ್ಕೆ. ರೇಖಾ ಫೋನನ್ನು ದೂರ ತಳ್ಳಿ, "ಇದನ್ನ ನನ್ ಕೈಲಿ ನೋಡಕ್ಕಾಗಲ್ಲ" ಎಂದು ಎದ್ದುಹೋದಳು. ಇನ್ನೊಮ್ಮೆ ಗಾಳಿ ಶುರುಮಾಡು ಎನ್ನುವುದೂ ಗಾಳಿ ನಿಲ್ಲಿಸು ಎನ್ನುವುದೂ ಎರಡು ಕಡೆಯಿಂದ ಬಂದು ಹಿಂದುಮುಂದಾದವು. ಆಟ ಮುಗಿದು ಮೆನು ಬಂದರೂ ಗಾಳಿ ಸುಯ್ ಎನ್ನುತ್ತಲೇ ಇತ್ತು. ಮತ್ತೊಮ್ಮೆ ಓದುವುದಕ್ಕಿಂತ ಬರೆಯುವುದು ಜಾಸ್ತಿಯಾಗಿ ಡಬ್ಬಿಯೇ ತುಂಬಿ ಚೆಲ್ಲಿತು.

ಒಂದೊಂದಾಗಿ ಸರಿ ಮಾಡಿದೆವು. ಮೆಸೇಜಿನಲ್ಲಿ ಯಾವ ಹದ್ದು, ಯಾವ ಹೊತ್ತಿನದು ಎಂದು ಬರೆಯುವುದು. ಹಳತಾಗಿದ್ದರೆ ಬಿಸಾಡುವುದು. ಒಂದು ಡಬ್ಬಿಗೆ ಒಬ್ಬರೇ ಹಾಕುವುದು. ಹದ್ದಿನ ಜಾಗದಂಥ ಸುದ್ದಿಯಲ್ಲಿ ಕೊನೆಯದೊಂದನ್ನು ಇಟ್ಟುಕೊಂಡರೆ ಸಾಕು, ಹಳೆಯವು ಬೇಡ. ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದರೂ ನಾನು ಕಲಿಯದ್ದನ್ನು ಇಲ್ಲಿ ಕಲಿತೆ. ಕಳಿಸಿದೆ ಎಂದ ಮಾತ್ರಕ್ಕೆ ತಲುಪಿತು ಎಂದಲ್ಲ. ತಲುಪಿತು ಎಂದ ಮಾತ್ರಕ್ಕೆ ಹೊತ್ತಿಗೆ ತಲುಪಿತು ಎಂದೂ ಅಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಪರದೆಯ ಮೇಲಿನ ಗೆರೆಯಲ್ಲಿ ಒಂದು ಕಡಿತವೂ ಉಳಿದಿರಲಿಲ್ಲ. ಅಷ್ಟು ಹೊತ್ತಿಗೆ ಅಫ್ಸರನ ಕಿವಿ ಇನ್ನೂ ಇಳಿದಿತ್ತು. ತಾನು ಕಟ್ಟಿದ ಗಾಳಿಯನ್ನು ಕೇಳಲು ಹೆಡ್‌ಫೋನಿನ ಸದ್ದನ್ನು ತುದಿಯವರೆಗೆ ಏರಿಸುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ಅವನ ಕಿವಿಯಿಂದ ಸೋರಿದ್ದೇ ಕೇಳಿಸುತ್ತಿತ್ತು.

ಹೊರದೇಶದ ಕಂಪನಿಯವರು ಬಂದರು. ಒಬ್ಬರೇ, ಎತ್ತರದ ಆಸಾಮಿ, ಮೃದುವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಒಂದು ಸಾಧಾರಣ ಫೋನಿನಲ್ಲೇ ಆಡಿದರು. ಮರಿಹದ್ದು ಬಂಡೆಯಿಂದ ಜಿಗಿಯಿತು, ಗಾಳಿ ದಪ್ಪವಾಯಿತು, ಮೇಲೆ ಹೋಯಿತು. ಬಹಳ ಹೊತ್ತು ಆಡಿದರು. ಹೆಡ್‌ಫೋನ್ ತೆಗೆದು, ಇಂಥ ಗಾಳಿಯನ್ನು ತಾನು ಬೇರೆ ಯಾವ ಆಟದಲ್ಲೂ ಕೇಳಿಲ್ಲ, ಇದನ್ನು ಮಾಡಿದವರು ಯಾರು ಎಂದರು. ಚಂದ್ರು ಸರ್ ಹೆಮ್ಮೆಯಿಂದ ಅಫ್ಸರನ ಕಡೆ ಕೈ ತೋರಿಸಿದರು. ಅಫ್ಸರ್ ಅವರಿಗೆ ಬೆನ್ನಾಗಿ, ಫೋನಿನ ತಂತಿ ಸುತ್ತುತ್ತಾ ನಿಂತಿದ್ದ. ಬಂದವರು ಅವನನ್ನು ಏನೋ ಕೇಳಿದರು. ಅವನು ತಂತಿ ಸುತ್ತುತ್ತಲೇ ಇದ್ದ. ಅವರು ಮತ್ತೆ ಕೇಳಿದರು. ನಾನು ಅವನ ತೋಳು ಮುಟ್ಟಿದೆ. ತಿರುಗಿ ನೋಡಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು, ಏನು ಕೇಳಿದರು ಎಂದು ತಿಳಿಯದೆ, "ಥ್ಯಾಂಕ್ಯೂ ಸರ್" ಎಂದ.

ಬಂದವರು ನಕ್ಕು ಸುಮ್ಮನಾದರು. ಚಂದ್ರು ಸರ್ ನಗಲಿಲ್ಲ. ಅತಿಥಿಯನ್ನು ಕಾರಿಗೆ ಹತ್ತಿಸಿ ಮೆಟ್ಟಿಲು ಹತ್ತಿ ಬಂದವರೇ ಅಫ್ಸರನ ಎದುರು ನಿಂತರು.

"ಕಿವಿ ಕೇಳಲ್ವೇನ್ಲಾ ನಿಂಗೆ?"

"ಒಸಿ ಕಮ್ಮಿ ಸರ್."

"ಎಷ್ಟ್ ಕಮ್ಮಿ?"

ಅಫ್ಸರ್ ಸುಳ್ಳು ಹೇಳಲಿಲ್ಲ. ತಾರಸಿಯ ಮೇಲೆ ನನಗೆ ಹೇಳಿದ್ದನ್ನೆಲ್ಲ ಹೇಳಿದ. ಚಂದ್ರು ಸರ್ ಮುಖ ಬಿಳಿಚಿಕೊಂಡಿತು. "ಅವ್ರಿಗೆ ಗೊತ್ತಾದ್ರೆ ಏನ್ ಕತೆ ಕಣಪ್ಪ? ಕಿವುಡನ್ ಕೈಲಿ ಸದ್ದು ಮಾಡ್ಸವ್ರೆ ಅಂದ್ರೆ ಆಟಾನೇ ಬ್ಯಾಡ ಅಂತಾರೆ. ಇಷ್ಟೂ ಜನದ ಕೆಲ್ಸ ಹೋಯ್ತದೆ" ಎಂದು ಕೂಗಾಡಿದರು. ಆ ಸದ್ದನ್ನು ಮೆಚ್ಚಿಕೊಂಡು ಈಗಷ್ಟೇ ಹೋದರಲ್ಲ ಸರ್ ಎಂದು ನಾನು ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವಾರದಿಂದ ಅಫ್ಸರನಿಗೆ ಮೆನುವಿನ ಗುಂಡಿಗಳನ್ನು ಜೋಡಿಸುವ ಕೆಲಸ. ಅದಕ್ಕಿಂತ ನನಗೆ ನೋವಾದದ್ದು ಇನ್ನೊಂದು. ಆಟದ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಬರುತ್ತವೆ. ಸದ್ದು ಎನ್ನುವ ಕಡೆ ಅಫ್ಸರನ ಹೆಸರಿತ್ತು. ಚಂದ್ರು ಸರ್ ಅದನ್ನು ತೆಗೆಸಿ ಕಂಪನಿಯ ಹೆಸರು ಹಾಕಿಸಿದರು. ನಾನು ಜಗಳವಾಡಿದೆ, ರೇಖಾಳೂ ಆಡಿದಳು. "ಯಾರಾರ ಅವನ ಸಂದರ್ಶನ ಮಾಡ್ತೀವಿ ಅಂದ್ರೆ ಏನ್ ಮಾಡಾದು?" ಎಂಬುದು ಅವರ ಉತ್ತರ. ಅಫ್ಸರನೇ ನನ್ನನ್ನು ಸುಮ್ಮನಾಗಿಸಿದ. "ಬುಡಿ ಅಕ್ಕಾ. ಕೊನೆಗಂಟ ಹೆಸ್ರು ಓದೋರು ಯಾರವ್ರೆ?"

ಆಟ ಹೊರಬಂದ ದಿನ ಎಲ್ಲರೂ ಕೇಕು ತಿನ್ನುತ್ತಿದ್ದರು. ಅಫ್ಸರ್ ಮೂಲೆಯ ಪರದೆಯ ಮುಂದೆ ನಿಂತು ಆ ಹೆಸರುಗಳು ಮೇಲೆ ಹೋಗುವುದನ್ನು ನೋಡುತ್ತಿದ್ದ. ಪೂರ್ತಿ ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ.

ಆಟವನ್ನು ಜನ ಮೆಚ್ಚಿದರು. ಎಲ್ಲರೂ ಗಾಳಿಯ ಮಾತನ್ನೇ ಬರೆದರು. ಅವನು ಕೆಲವು ತಿಂಗಳಲ್ಲಿ ಕೆಲಸ ಬಿಟ್ಟ. ಬೇಡ ಎನ್ನುವ ಧೈರ್ಯ ನನಗೂ ಬರಲಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವಾಗ ಅವನು ಮುಖದಿಂದ ಮುಖಕ್ಕೆ ಕಣ್ಣು ಓಡಿಸುತ್ತಾ ಸೋಲುವುದನ್ನು ದಿನಾ ನೋಡುತ್ತಿದ್ದೆ.

ಮುಂದೆ ಕಂಪನಿಯನ್ನು ಬೆಂಗಳೂರಿನವರು ತೆಗೆದುಕೊಂಡರು. ಥ್ರೆಡ್ಡು, ಮೆಸೇಜು ಎಲ್ಲವನ್ನೂ ತಾನೇ ನೋಡಿಕೊಳ್ಳುವ ಸಿದ್ಧ ಸಾಫ್ಟ್‌ವೇರ್ ಬಂತು. ನಾವು ಬರೆದದ್ದನ್ನು ಒಂದು ಮಧ್ಯಾಹ್ನದಲ್ಲಿ ಪಕ್ಕಕ್ಕಿಟ್ಟರು. ರಣಹದ್ದಿನ ಆಟ ಹೊಸ ಫೋನುಗಳಲ್ಲಿ ತೆರೆಯುವುದೇ ಇಲ್ಲ. ಬಡಗಿ ಮಾಡಿದ ಬಾಗಿಲಾದರೂ ಊರಲ್ಲಿ ಎಲ್ಲೋ ಉಳಿದಿರುತ್ತದೆ. ನಮ್ಮ ಕೆಲಸದಲ್ಲಿ ಅದೂ ಇಲ್ಲ. ಹೊಸದಾಗಿ ಬರುವವರು ಇದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಬನ್ನಿ.

ನಾನು ನಿವೃತ್ತಳಾದ ದಿನ ಚಂದ್ರು ಸರ್ ನನ್ನನ್ನು ಪಕ್ಕಕ್ಕೆ ಕರೆದು, "ಅಫ್ಸರ್ ಹೆಂಗವ್ನೆ?" ಎಂದು ಕೇಳಿದರು. ಪೂರ್ತಿ ಕಿವಿ ಹೋಗಿದೆ, ಮನೆಯಿಂದಲೇ ಕೆಲಸ ಮಾಡುತ್ತಿದ್ದ, ಎಲ್ಲರೂ ಫೋನಿನಲ್ಲೇ ಮಾತಾಡಬೇಕು ಎನ್ನುವುದರಿಂದ ಈಗ ಅದೂ ನಿಂತಿದೆ ಎಂದೆ. ಬರೆದು ಕಳಿಸಿದರೆ ಓದುತ್ತಾನೆ ಎಂದು ನಂಬರ್ ಕೊಟ್ಟೆ. ಅವರು ಫೋನಿನಲ್ಲಿ ಹಾಕಿಕೊಂಡರು. ಏನೂ ಬರಲಿಲ್ಲ ಎಂದು ಆಮೇಲೆ ಅಫ್ಸರ್ ಹೇಳಿದ. ಅವರು ಬರೆದು ಅಳಿಸಿದರೋ, ಬರೆಯಲೇ ಇಲ್ಲವೋ ನನಗೆ ಗೊತ್ತಿಲ್ಲ.

ಈಚೆಗೆ ಅಫ್ಸರನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಿವಿಯೊಳಗೆ ಉಪಕರಣ ಕೂರಿಸುವ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಅದನ್ನು ಚಾಲೂ ಮಾಡುವ ದಿನ ನಾನೂ ಜೊತೆಗೆ ಹೋದೆ. ಅವನ ಹೆಂಡತಿ ಷಾಹಿದಾ ಮನೆ ಬಿಟ್ಟಾಗಿನಿಂದ ಬಾಯಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ಅವನು ಅವಳ ಮಾತು ಕೇಳಿ ವರ್ಷಗಳೇ ಆಗಿದ್ದವು.

ಅಲ್ಲಿನ ಹೆಣ್ಣುಮಗಳು ಅವನ ತಲೆಯ ಪಕ್ಕ, ಒಳಗಿನ ಉಪಕರಣಕ್ಕೆ ಸದ್ದು ಮುಟ್ಟಿಸುವ ಒಂದು ಬಿಲ್ಲೆ ಅಂಟಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಷಾಹಿದಾಗೆ ಮಾತಾಡಿ ಎಂದು ಸನ್ನೆ ಮಾಡಿದಳು. ಅವನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದ್ದರು. ಷಾಹಿದಾ ಗಂಡನ ಹೆಸರು ಹಿಡಿದು ಕರೆಯುವವಳಲ್ಲ. ಅವತ್ತು ಕರೆದಳು. "ಅಫ್ಸರ್."

ಅವನು ಬೆಚ್ಚಿದ. ಕೇಳಿಸಿತು! ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ, "ಯಾರು?"

ಅವಳು ಇನ್ನೊಮ್ಮೆ ಕರೆದಳು. ಅವನು ಹುಬ್ಬು ಗಂಟಿಕ್ಕಿದ. "ಯಾರ್ ಮಾತಾಡ್ತಿರೋದು? ತಗಡಿನ್ ಡಬ್ಬೀಲಿ ಜೀರುಂಡೆ ಬುಟ್ಟಂಗೈತೆ."

ಷಾಹಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಮೊದಮೊದಲು ಎಲ್ಲರಿಗೂ ಹೀಗೇ ಕೇಳುತ್ತದೆ, ಮಿದುಳು ಹೊಸದಾಗಿ ಕಲಿಯಬೇಕು, ತಿಂಗಳುಗಳೇ ಬೇಕು, ಕೆಲವರಿಗೆ ಹಳೆಯ ದನಿ ಹಾಗೇ ಬರುವುದಿಲ್ಲ ಎಂದು ಆ ಹೆಣ್ಣುಮಗಳು ವಿವರಿಸಿದಳು. ಅವನ ಸಲುವಾಗಿ ಅದನ್ನು ಬರೆದೂ ತೋರಿಸಿದಳು. ಅವನು ಓದಿ ತಲೆಯಾಡಿಸಿದ.

ಹಿಂದಕ್ಕೆ ಬರುವಾಗ ರೈಲಿನಲ್ಲಿ ಜನ ಹೆಚ್ಚಿರಲಿಲ್ಲ. ಅವನು ಕಿಟಕಿಯ ಪಕ್ಕ ಮುಖ ಕಿವುಚಿಕೊಂಡು ಕೂತಿದ್ದ. ಗಾಲಿ, ಕಡಲೆಕಾಯಿ ಮಾರುವವನ ಕೂಗು, ನಮ್ಮ ಮಾತು ಎಲ್ಲ ಒಂದೇ ತಗಡಿನ ಸದ್ದಾಗಿ ತಲೆಗೆ ಬಡಿಯುತ್ತಿದ್ದಿರಬೇಕು. ಕೆಂಗೇರಿ ದಾಟಿದ ಮೇಲೆ ಕೈ ಎತ್ತಿ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಕಾಯ್ಕು ನಿಕಾಲೇ ಜೀ?" ಎಂದಳು ಷಾಹಿದಾ ಗಾಬರಿಯಿಂದ. ಯಾಕೆ ತೆಗೆದಿರಿ ಎಂದು.

ಅವನು ಅವಳ ಕಡೆ ಪೂರ್ತಿ ತಿರುಗಿ ಕೂತ. ಅವಳ ತುಟಿಗಳನ್ನೇ ನೋಡುತ್ತಾ, ಇನ್ನೊಂದು ಸಲ ಹೇಳು ಎಂದು ಬೆರಳಿನಲ್ಲಿ ಸನ್ನೆ ಮಾಡಿದ. ಅವಳು ಹೇಳಿದಳು.

ಅವನ ಮುಖದ ಬಿಗಿ ಸಡಿಲಿತು.

"ಹಾಂ, ಈಗ ನಿನ್ ದನಿ ಬಂತು" ಎಂದ.